ನೆಟ್ ವೈರು

ಕಳಸ ಪೇಟೆಯ ಕಂಪ್ಯೂಟರ್ ರಿಪೇರಿಯವರು, ಯಾರಾದರೂ ಪಾಸ್‌ವರ್ಡ್ ಒತ್ತುವಾಗ ಕಿಟಕಿಯತ್ತ ತಿರುಗಿ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಆಂಟಿವೈರಸ್ ಮತ್ತೆ ಹಾಕಲು ಮೂರು ಸಲ ನೋಡಿದರು, ಆಗಲಿಲ್ಲ.

"ಹಳೇದು ಪೂರ್ತಿ ಹೋಗ್ದೆ ಹೊಸದು ಕೂರಲ್ಲ ಮಾರಾಯ್ರೆ," ಎಂದರು, ಎಲ್ಲರಿಗೂ ಹೇಳುವಂತೆ. "ಹಳೇದನ್ನ ಹಾಕಿದ್ದು ಅಮ್ಮಾವ್ರು. ತೆಗೀಲಿಕ್ಕೆ ಅವ್ರ ಪಾಸ್‌ವರ್ಡೇ ಬೇಕು. ಗೊತ್ತುಂಟಾ?"

ಪರದೆಯ ಮೇಲೆ ನನ್ನ ಹೆಂಡತಿಯ ಹೆಸರು ಬಂತು. ರಿಪೇರಿಯವರು ಕಿಟಕಿಯತ್ತ ತಿರುಗಿದರು. ನಾನು ಏನೂ ಒತ್ತಲಿಲ್ಲ. ಅದು ಗೊತ್ತಿದ್ದವಳು ತೀರಿಕೊಂಡು ವರ್ಷವಾಗಿತ್ತು.

"ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬಹುದು," ಎಂದರು, ತಿರುಗದೆಯೇ. "ಅಮ್ಮಾವ್ರು ಇಟ್ಟಿದ್ದು ಯಾವ್ದೂ ಉಳಿಯಲ್ಲ."

ನಾನು ಪರದೆಯ ಮೇಲಿನ ಹೆಸರನ್ನೇ ನೋಡುತ್ತಿದ್ದೆ. ಅವರೇ ಎದ್ದು, ಕಂಪ್ಯೂಟರಿನ ನೆಟ್ ವೈರು ಕಿತ್ತು, ನೀಟಾಗಿ ಸುತ್ತಿ ನನ್ನ ಕೈಗಿಟ್ಟರು.

"ಇದನ್ನ ಇನ್ನು ಹಾಕ್ಬೇಡಿ. ನೆಟ್ ಇಲ್ದಿದ್ರೆ ವೈರಸ್ ಬರೋ ಭಯ ಇಲ್ಲ. ಹಳೇದೇ ಇರ್ಲಿ."