ಟಿವಿ ಬಂದ್ ಆದ ಮೂರು ದಿನ

ನನ್ನ ಗಂಡ ಮಿಲಿಟರಿಯಲ್ಲಿದ್ದಾರೆ. ಆ ಸಲ ಕಾಶ್ಮೀರದ ಒಂದು ಕಣಿವೆಯಿಂದ ಫೋನ್ ಮಾಡಿ, "ಬೆಟ್ಟ ಹತ್ತುತ್ತಿದ್ದೀವಿ ಕಣೇ, ಎರಡ್ಮೂರು ದಿನ ಫೋನ್ ಇರಲ್ಲ" ಅಂದರು. ಮಧ್ಯಾಹ್ನಕ್ಕೆ ಟಿವಿಯಲ್ಲಿ ಬಂತು: ಸೇನೆ, ಪೊಲೀಸರ ಜಂಟಿ ಕಾರ್ಯಾಚರಣೆ, ಕಾಡಿನಲ್ಲಿ ಉಗ್ರರಿಗೆ ಮುತ್ತಿಗೆ, ಗುಂಡಿನ ಚಕಮಕಿ. ಕಣಿವೆಯ ಹೆಸರೂ ಅದೇ.

ಮಾವ ಎದ್ದು ಬಂದವರೇ ಟಿವಿಯ ವೈರನ್ನೇ ಕಿತ್ತರು. "ಹುಳ ಇರೋ ಮನೆ. ಹುಳಕ್ಕೆ ಸದ್ದು ಆಗಿಬರಲ್ಲ."

ತೆಲುಗು ಗಡಿಯಲ್ಲಿರುವ, ಬೈರಕೂರಿನ ಪಕ್ಕದ ನಮ್ಮೂರಲ್ಲಿ ನಮ್ಮದು ರೇಷ್ಮೆಹುಳು ಸಾಕುವ ಮನೆ. ಹೊಗೆ, ಒಗ್ಗರಣೆ ಘಾಟು ಹುಳುವಿಗೆ ಆಗದು, ನಿಜ. ಟಿವಿ ಏನು ಮಾಡೀತು? ಸುದ್ದಿ ಕೇಳಲು ಬಂದ ಅಕ್ಕಪಕ್ಕದವರನ್ನೂ "ಹುಳದ ಮನೆ, ಆಮೇಲೆ ಬನ್ರಪ್ಪಾ" ಎಂದು ಬಾಗಿಲಲ್ಲೇ ಸಾಗಹಾಕಿದರು. ಮಗನಿಗಿಂತ ಹುಳುವೇ ಹೆಚ್ಚಾಯಿತೇ ಈ ಮುದುಕನಿಗೆ ಎಂದು ನನಗೆ ಹೊಟ್ಟೆ ಉರಿಯಿತು. ಬೇಕೆಂದೇ ಪಾತ್ರೆ ಕುಕ್ಕಿದೆ. ಆ ಸದ್ದಿಗೆ ತಿರುಗಿಯೂ ನೋಡದೆ ಅವರು ಹುಳುವಿಗೆ ಸೊಪ್ಪು ಹಾಕುತ್ತಲೇ ಇದ್ದರು. ಮೊಬೈಲನ್ನು ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದೆ, ಆದರೆ ಅದರಲ್ಲಿ ಸುದ್ದಿ ನೋಡುವ ಧೈರ್ಯ ನನಗೂ ಬರಲಿಲ್ಲ.

ಮೂರನೇ ದಿನ ಬೆಳಗ್ಗೆ ಅದು ರಿಂಗಾಯಿತು. "ಮುಗೀತು ಕಣೇ. ಚೆನ್ನಾಗಿದ್ದೀನಿ. ಅಪ್ಪಂಗೆ ಕೊಡು."

ಅಳುತ್ತ, ನಗುತ್ತ ಹುಳುಮನೆಗೆ ಓಡಿದವಳು ಬಾಗಿಲಲ್ಲೇ ನಿಂತುಬಿಟ್ಟೆ. ಮಾವ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. ಹುಳುಗಳು ಹಿಂದಿನ ಸಂಜೆಯೇ ಜ್ವರಕ್ಕೆ ಕೂತಿದ್ದವು. ಜ್ವರವೆಂದರೆ ಪೊರೆ ಬಿಡುವ ಹೊತ್ತು. ಆಗ ಅವು ಏನೂ ತಿನ್ನುವುದಿಲ್ಲ, ಸೊಪ್ಪು ಹಾಕಿದರೆ ತೇವ ಕಟ್ಟಿ ಕೆಡುತ್ತವೆ. ಊರಿಗೆಲ್ಲ ಇದನ್ನು ಹೇಳಿಕೊಟ್ಟವರೇ ಮಾವ. ಅವರೇ ಅರ್ಧ ಹುಳುಮನೆಗೆ ಸೊಪ್ಪು ಹಾಕಿ ಮುಗಿಸಿದ್ದರು!

"ಮಾವಾ, ಫೋನು!"

ಗಾಬರಿಯಾದರೆ ಅವರ ಬಾಯಿಗೆ ತೆಲುಗೇ ಬರುವುದು. "ವಾಡಿಕೇಂ ಕಾಲೇದು ಕದಾ?"

"ಅವರಿಗೇನೂ ಆಗಿಲ್ಲ ಮಾವ. ಚೆನ್ನಾಗಿದ್ದಾರೆ."

ಮಾವ ಉಸಿರುಬಿಟ್ಟು ಕೈಯಲ್ಲಿದ್ದ ಸೊಪ್ಪನ್ನು ನೋಡಿದರು, ಆಮೇಲೆ ಹುಳುಗಳನ್ನು. ಮುಖ ಸಣ್ಣಗಾಯಿತು. "ಅಯ್ಯೋ, ನನ್ ಬುದ್ಧಿಗಿಷ್ಟು... ಅವನಿಗೆ ಹೇಳ್ಬೇಡಮ್ಮ" ಎಂದು ಪಿಸುಗುಟ್ಟಿದರು.

ಮೂರು ದಿನದ ನನ್ನ ಸಿಟ್ಟು ಎಲ್ಲಿ ಹೋಯಿತೋ! ಪಾಪ, ನನಗಿಂತ ಹೆಚ್ಚು ಹೆದರಿದ್ದವರು ಅವರು. ಫೋನನ್ನು ಅವರ ಕೈಗಿಟ್ಟು, ಹುಳುಗಳಿಗೆ ತಾಗದಂತೆ ಒಂದೊಂದೇ ಕಡ್ಡಿ ಸೊಪ್ಪು ಎತ್ತತೊಡಗಿದೆ.

"ಹೂಂ ಕಣೋ, ಇಲ್ಲೆಲ್ಲ ಆರಾಮು" ಎನ್ನುತ್ತಿದ್ದರು ಮಾವ, ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ. "ನಾನ್ಯಾಕ್ಲಾ ಹೆದರ್ಲಿ?"