ಕಿಸೆ ಇಟ್ಟ ಕುಬಸ

ಹುಬ್ಬಳ್ಳಿಯವರಿಗೆ ಸಮುದ್ರ ಅಂದರೆ ಗೋವಾ. ಬೆಳಿಗ್ಗೆ ಉಪ್ಪಿಟ್ಟು ತಿಂದು ಕಾರು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೇವೆ. ಅಂಥದ್ದರಲ್ಲಿ ನನ್ನ ಗಂಡ, ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಬಾಲಿಗೆ ಹೋಗೋಣ ಅಂದಾಗ ನಾನು ಕೇಳಿದ್ದು ಒಂದೇ ಮಾತು: "ಯಾಕ್ರಿ, ಅಲ್ಲಿ ಸಮುದ್ರ ಸಿಹಿ ಐತೇನು?" ಅವರು ಉತ್ತರ ಕೊಡುವ ಮೊದಲೇ ಕಾಲೇಜಿಗೆ ಹೋಗುವ ಮಗಳು ರೆಸಾರ್ಟು ಹುಡುಕಿ, ಟಿಕೀಟು ಮಾಡಿಸಿ ಮುಗಿಸಿದ್ದಳು. ನಾಲ್ಕು ಟಿಕೀಟು. ನಾಲ್ಕನೆಯದು ಅತ್ತೆಯವರದು.

ಅತ್ತೆ ಎಪ್ಪತ್ತು ದಾಟಿದವರು. ನಾವು ಗೋವಾಕ್ಕೆ ಹೋದಾಗಲೆಲ್ಲ ಅವರೂ ಬಂದಿದ್ದಾರೆ, ಆದರೆ ನೀರಿನ ಹತ್ತಿರ ಬಂದವರಲ್ಲ. ದಂಡೆಯ ಮೇಲೆ ಸೆರಗು ಹೊದ್ದು ಕುಳಿತು ನಮ್ಮ ಚಪ್ಪಲಿ ಕಾಯುತ್ತಿದ್ದರು. ಅವರಿಗೆ ನೀರೆಂದರೆ ಆಗುವುದಿಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೆವು. ಮನೆಯ ಹಿರಿಯರ ಬಗ್ಗೆ ನಾವು ಮಾಡುವ ತೀರ್ಮಾನಗಳೆಲ್ಲ ಹೀಗೆಯೇ, ಅವರನ್ನೊಂದು ಮಾತು ಕೇಳದೆ.

ಒಂದು ದಿನ ಮಗಳು ಸೋಫಾದ ಮೇಲೆ ಕುಳಿತು ಅಜ್ಜಿಗೆ ರೆಸಾರ್ಟಿನ ವಿಡಿಯೋ ತೋರಿಸುತ್ತಿದ್ದಳು. ನಾನು ಅಲ್ಲೇ ಮೆಂತ್ಯ ಸೊಪ್ಪು ಸೋಸುತ್ತಿದ್ದೆ. ವಿಡಿಯೋದಲ್ಲಿ ಬಿಳಿಗೂದಲಿನ ಹೆಂಗಸೊಬ್ಬಳು ಸಮುದ್ರದ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಅಲೆ ಕರೆದುಕೊಂಡು ಹೋದಲ್ಲಿ ಹೋಗುತ್ತಿದ್ದಳು.

"ಹಿಂಗ ಮಲಗತಿದ್ದೆ ನಾನೂ," ಅಂದರು ಅತ್ತೆ. "ನಮ್ಮ ಹೊಲದ ಬಾವ್ಯಾಗ."

ನನ್ನ ಕೈಯಲ್ಲಿನ ಸೊಪ್ಪು ಕೈಯಲ್ಲೇ ಉಳಿಯಿತು. "ನಿಮಗ ಈಸಾಕ ಬರತೈತೇನ್ರಿ ಅತ್ತಿ?"

"ಬರತಿತ್ತು."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದೇವೆ. ಅವರಿಗೆ ಬದನೆಕಾಯಿ ತಿಂದರೆ ಮೈ ಕಡಿಯುತ್ತದೆ ಅನ್ನುವುದು ಗೊತ್ತು, ಯಾವ ಮೊಣಕಾಲು ಹೆಚ್ಚು ನೋಯುತ್ತದೆ ಅನ್ನುವುದೂ ಗೊತ್ತು. ಈಜು ಬರುತ್ತದೆ ಅನ್ನುವುದು ಗೊತ್ತಿರಲಿಲ್ಲ. ನನಗೆ ಸಿಟ್ಟೇ ಬಂತು. ಯಾರ ಮೇಲೆ ಅನ್ನುವುದು ತಿಳಿಯದೆ ಸೊಪ್ಪಿನ ದಂಟುಗಳನ್ನು ಪಟಪಟ ಮುರಿದೆ.

ಅತ್ತೆಯ ತವರು ಇಲ್ಲೇ ಹತ್ತಿರದ ಸುಳ್ಳ ಅನ್ನುವ ಹಳ್ಳಿ. ಹೊಲದಲ್ಲಿ ಮೆಟ್ಟಿಲಿನ ಬಾವಿಯಿತ್ತು. ಅಕ್ಕ ಕಲಿಸಿದ್ದಳು, ಅಕ್ಕ ತಂಗಿ ಇಬ್ಬರೂ ಅದರಲ್ಲಿ ಬಿದ್ದುಕೊಂಡಿರುತ್ತಿದ್ದರು. ಅಕ್ಕನ ಮದುವೆಯಾಗಿ ಅವಳು ಗಂಡನ ಮನೆಗೆ ಹೋದ ಮೇಲೆ ಇವರು ಒಬ್ಬರೇ ಇಳಿದರು. ಆಗಿನ್ನೂ ಸಣ್ಣ ಹುಡುಗಿ. ನಮ್ಮ ಮಂದಿಯಲ್ಲಿ ಇಷ್ಟಲಿಂಗ ಮೈಮೇಲಿಂದ ಇಳಿಯುವುದಿಲ್ಲ. ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿದ್ದ ಅದು ಜಿಗಿದ ರಭಸಕ್ಕೆ ಗಂಟು ಸಡಿಲಾಗಿ ಬಾವಿಯ ತಳ ಸೇರಿತು. ಲಿಂಗ ಸಿಗುವ ತನಕ ಊಟವಿಲ್ಲ ಅನ್ನುವುದು ಹಿಂದಿನವರ ಕಟ್ಟುನಿಟ್ಟು. ಹುಡುಗಿ ಉಣ್ಣಲಿಲ್ಲ. ಅವಳು ಉಣ್ಣಲಿಲ್ಲ ಅಂತ ಅವರಪ್ಪನೂ ಉಣ್ಣಲಿಲ್ಲ. ಎತ್ತು ಹೂಡಿ ಬಾವಿಯ ನೀರನ್ನೆಲ್ಲ ಮೇಲೆ ಎಳೆಸಿ, ಕೆಸರನ್ನು ಕೈಯಿಂದ ಜಾಲಿಸಿ ಹುಡುಕಿದರು. ಮರುದಿನ ಸಿಕ್ಕಿತು.

"ನಿಮ್ಮ ಅಪ್ಪ ಬೈದ್ರೇನ್ರಿ?" ಅಂತ ಕೇಳಿದೆ.

"ಇಲ್ಲ. ತಲಿ ಮ್ಯಾಲೆ ಕೈ ಇಟ್ಟು, ಇನ್ನ ಒಬ್ಬಾಕೀನ ಬಾವಿಗೆ ಇಳೀಬ್ಯಾಡವ್ವ ಅಂದ. ಅಷ್ಟ. ಆಮ್ಯಾಲೆ ನಾ ಇಳೀಲಿಲ್ಲ."

ಹಾಗೆ ಹೇಳುವಾಗ ಅವರ ಕೈ ಎದೆಯ ಮೇಲಿನ ಬೆಳ್ಳಿಯ ಗುಂಡಗಡಿಗೆಯನ್ನು ಮುಟ್ಟಿ ನೋಡಿತು. ಲಿಂಗ ಇಡುವ ಡಬ್ಬಿ ಅದು. ಅದೇ ಲಿಂಗ ಈಗಲೂ ಅದರಲ್ಲಿದೆ. ನನ್ನದು ದೇವರ ಜಗುಲಿಯ ಮೇಲಿದೆ. ಯಾವಾಗಲೋ ಬೇಸಿಗೆಯಲ್ಲಿ ಕೊರಳಿಗೆ ದಾರ ತಾಗಿ ಬೊಕ್ಕೆ ಎದ್ದವು, ತೆಗೆದಿಟ್ಟೆ. ಬೊಕ್ಕೆ ಹೋದವು, ಲಿಂಗ ಅಲ್ಲೇ ಉಳಿಯಿತು. ಅತ್ತೆ ಈ ಬಗ್ಗೆ ಇವತ್ತಿನವರೆಗೂ ಒಂದು ಮಾತು ಆಡಿದವರಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಮಾತ್ರ ಓಣಿಗೆಲ್ಲ ಕೇಳುವಂತೆ ಹೇಳುತ್ತಾರೆ.

ಅವತ್ತಿನಿಂದ ಅತ್ತೆಯ ತಲೆಯಲ್ಲಿ ಒಂದೇ ಹುಳ. ಒಂದು ಸಲ, ಒಂದೇ ಸಲ, ಆ ಹೆಂಗಸಿನ ಹಾಗೆ ನೀರಿನ ಮೇಲೆ ಮಲಗಬೇಕು. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮೊಮ್ಮಗಳನ್ನು ಕರೆದು, "ಆ ಮುದುಕಿನ್ನ ಇನ್ನೊಮ್ಮೆ ತೋರಸು" ಅನ್ನುತ್ತಿದ್ದರು. ಆ ಮುದುಕಿ ಇವರಿಗಿಂತ ಸಣ್ಣವಳೇ ಇದ್ದಿರಬೇಕು.

ವಿಷಯ ತಿಳಿದ ನನ್ನ ಗಂಡ, ತಾನೇನೋ ಭಾರೀ ಉಪಾಯ ಹೇಳುವವರ ಹಾಗೆ, "ಅವ್ವಾ, ಲಿಂಗ ಮನ್ಯಾಗ ಜಗಲಿ ಮ್ಯಾಲೆ ಇಟ್ಟು ಬಾ. ವಿಮಾನ ನಿಲ್ದಾಣದಾಗ ಬೆಳ್ಳಿ ಡಬ್ಬಿಗೆ ಮಷಿನ್ ಕುಂಯ್ ಅಂತೈತಿ" ಅಂದರು.

"ಅನ್ನಲಿ. ಅಂದ್ರ ಅದರ ಬಾಯಿ ನೋಯತೈತಿ, ನಂದೇನು?" ಅಂದರು ಅತ್ತೆ. "ಇದನ್ನ ಬಿಟ್ಟು ಬರೂದಂದ್ರ ನನ್ನನ್ನೂ ಇಲ್ಲೇ ಬಿಟ್ಟು ಹೋಗ್ರಿ."

ನನ್ನ ಗಂಡ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಇತ್ತ ತಯಾರಿ ನಡೆದಿತ್ತು. ತಯಾರಿ ಅಂದರೆ ನಮ್ಮ ಮನೆಯಲ್ಲಿ ಹನುಮಂತನ ಬಾಲ. ಗಂಡನಿಗೆ ಶೇಂಗಾ ಚಟ್ನಿ ಇಲ್ಲದೆ ದೇಶ ಬಿಡಲು ಆಗುವುದಿಲ್ಲ. ಮಗಳು ಮುಖಕ್ಕೊಂದು, ಮೈಗೊಂದು, ತುಟಿಗೊಂದು ಕ್ರೀಮು ತರಿಸಿದಳು. ನನ್ನನ್ನು ಕೇಳದೆಯೇ ನನಗೂ ಆನ್‌ಲೈನಿನಲ್ಲಿ ಈಜುಡುಗೆ ತರಿಸಿದ್ದಳು, ಮೈಗೆ ಅಂಟುವಂಥದ್ದು. "ನಾ ಏನ ಸರ್ಕಸ್ಸಿಗೆ ಹೊಂಟೇನೇನು? ವಾಪಸ್ ಕಳಸು," ಅಂದೆ. ನಾನಂತೂ ನೀರಿಗೆ ಇಳಿಯುವವಳೇ ಅಲ್ಲ. ಗೋವಾದಲ್ಲಿಯೂ ಮೊಣಕಾಲಿನ ಮೇಲೆ ನೀರು ಬಂದರೆ ಕಿರುಚುತ್ತೇನೆ. ಛತ್ರಿಯ ಕೆಳಗೆ ಕುಳಿತು ಎಳನೀರು ಕುಡಿಯುತ್ತೇನೆ ಅಂತ ಎಲ್ಲರಿಗೂ ಮೊದಲೇ ಹೇಳಿಬಿಟ್ಟಿದ್ದೆ.

ಅತ್ತೆ ಮಾತ್ರ ಒಂದು ಮಧ್ಯಾಹ್ನ ನನ್ನನ್ನು ದುರ್ಗದ ಬೈಲಿನ ಪೇಟೆಗೆ ಎಬ್ಬಿಸಿಕೊಂಡು ಹೋದರು. ಅಂಗಡಿಯಲ್ಲಿ ಬಟ್ಟೆಯ ಮೇಲೆ ಬಾಟಲಿಯ ನೀರು ಹನಿಸಿ, ಜಗ್ಗಿ, ಹಿಂಡಿ, ಅಂಗಡಿಯವನ ಜೀವ ತಿಂದು, ಕೊನೆಗೆ ಕಂದು ಬಣ್ಣದ ದಪ್ಪ ನೈಲಾನ್ ಆರಿಸಿದರು. ಮನೆಗೆ ಬಂದು ತಮ್ಮ ಹಳೆಯ ಕೈಮಷಿನ್ನಿನ ಮುಂದೆ ಕುಳಿತರು. ತಯಾರಾದದ್ದು ಉದ್ದ ತೋಳಿನ, ಸೊಂಟದವರೆಗೆ ಬರುವ ಒಂದು ಕುಬಸ. ಒಳಗಡೆ, ಸರಿಯಾಗಿ ಎದೆಯ ನಡುವೆ, ಎರಡು ಪದರಿನ ಕಿಸೆ. ಕಿಸೆಗೆ ಮುಚ್ಚಳ, ಮುಚ್ಚಳಕ್ಕೆ ಒತ್ತಿದರೆ ಕೂರುವ ಟಿಚ್ ಗುಂಡಿ, ಅದರ ಮೇಲೆ ಕಟ್ಟಲು ಲಾಡಿ.

"ಬ್ಯಾಂಕಿನ ಲಾಕರ್ ಆತಲ್ರಿ ಇದು," ಅಂದೆ.

"ನಗಬ್ಯಾಡ. ನಾಳೆ ನಳ ಬರತೈತಿಲ್ಲ? ನೋಡೂಣು."

ನವನಗರದ ನಮ್ಮ ಓಣಿಗೆ ನಳ ಬರುವ ದಿನ ಅಂದರೆ ಹಬ್ಬ. ಡ್ರಮ್ಮು, ಕೊಡ, ಹಂಡೆ, ಕೊನೆಗೆ ಕುಕ್ಕರಿನಲ್ಲೂ ನೀರು ತುಂಬುತ್ತೇವೆ. ಮುಖ ತೊಳೆಯಲು ಎರಡು ತಂಬಿಗೆ ಬಳಸಿದರೆ ಅತ್ತೆ ಶಾಪ ಹಾಕುತ್ತಾರೆ. ಅಂಥವರು ಮರುದಿನ ಲಿಂಗವನ್ನು ಕಿಸೆಯಲ್ಲಿಟ್ಟು ಆ ಕುಬಸ ತೊಟ್ಟು, ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ಬಚ್ಚಲಮನೆಯ ನಡುವೆ ನಿಂತು, "ಸುರುವು" ಅಂದರು.

ನಾನು ಒಂದು ಬಕೆಟ್ ಸುರುವಿದೆ.

"ಇದೇನು, ಕೂಸಿಗೆ ಎರಿಯಾಕತ್ತಿಯೇನು? ಮ್ಯಾಲಿಂದ ದಬ್ ಅಂತ ಹಾಕು. ತೆರಿ ಬಂದಂಗ ಬರಬೇಕು."

ಸ್ಟೂಲಿನ ಮೇಲೆ ನಿಂತು ದಬ್ ಅಂತ ಹಾಕಿದೆ. ಅತ್ತೆ ಬಗ್ಗಿದರು, ತಿರುಗಿದರು, ನಳದ ಪೈಪು ಹಿಡಿದು ಆ ನೋವಿನ ಮೊಣಕಾಲಿನಲ್ಲೇ ಜಿಗಿದರು. "ಇನ್ನೊಂದು! ಇನ್ನೊಂದು!" ಡ್ರಮ್ಮು ಅರ್ಧಕ್ಕೆ ಇಳಿಯಿತು. ಬೆಳ್ಳಗಿನ ಜಡೆ ಬಿಚ್ಚಿ ಮುಖಕ್ಕೆಲ್ಲ ಅಂಟಿತ್ತು. ಲಾಡಿ ಬಿಚ್ಚಿ, ಗುಂಡಿ ತೆಗೆದು ನೋಡಿದರು. ಲಿಂಗ ಇಟ್ಟಲ್ಲೇ ಇತ್ತು. ಅತ್ತೆ ಅದನ್ನು ಅಂಗೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು ಸಣ್ಣ ಹುಡುಗಿಯ ಹಾಗೆ ನಕ್ಕರು. ನನಗೆ ಆ ಗಳಿಗೆಯಲ್ಲಿ ಅವರ ಮೇಲೆ ಎಂಥ ಮಾಯೆ ಉಕ್ಕಿತೆಂದರೆ, ತೊಯ್ದು ನಿಂತಿದ್ದ ಅವರನ್ನು ಹಾಗೆಯೇ ಹೋಗಿ ಅಪ್ಪಿಕೊಂಡೆ. "ಸರಿ, ಸರಿ, ಮೈ ಎಲ್ಲಾ ತೊಯ್ಯತೈತಿ" ಅಂತ ಬೈದರು, ಆದರೆ ಅವರೂ ಬಿಡಲಿಲ್ಲ.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಆದರೆ ಆ ಕುಬಸ ಒಣಗಿದ ಮೇಲೂ ಹಗ್ಗದ ಮೇಲೆಯೇ ನೇತಾಡುತ್ತಿತ್ತು. ಬ್ಯಾಗಿಗೆ ಹಾಕಲೇ ಅಂದರೆ, "ಇರಲಿ, ನೋಡೂಣು" ಅನ್ನುತ್ತಿದ್ದರು. ವಿಡಿಯೋ ನೋಡುವುದನ್ನೂ ಬಿಟ್ಟರು. ನಾಲ್ಕೂ ಬ್ಯಾಗು ತುಂಬಿ, ಬೀಗ ಹಾಕುವುದೊಂದು ಉಳಿದಾಗಲೂ ಅದೇ ಮಾತು. ನನಗೆ ಸಿಟ್ಟು ನೆತ್ತಿಗೇರಿತು.

"ಅಲ್ರಿ ಅತ್ತಿ, ನಳದ ನೀರೆಲ್ಲಾ ನಿಮ್ಮ ತಲಿ ಮ್ಯಾಲೆ ಸುರುವಿಸಿಕೊಂಡು ಈಗ ನೋಡೂಣು ಅಂದ್ರ ಹೆಂಗ? ಅಂಜಿಕಿ ಬರಾಕತ್ತೈತೇನು? ಲಿಂಗ ಬೀಳೂದಿಲ್ಲ ಅಂತ ಕಣ್ಣಾರೆ ನೋಡೇವಲ್ಲ?"

 ಅತ್ತೆ ಎದ್ದು, ಹಗ್ಗದ ಮೇಲಿನ ಕುಬಸ ಎಳೆದುಕೊಂಡು ತಮ್ಮ ಖೋಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಮಷಿನ್ನಿನ ಸಪ್ಪಳ ಕೇಳಿತು. ಸಿಟ್ಟು ಬಂದಾಗ ಹಳೆಯ ದಿಂಬಿನ ಚೀಲಗಳಿಗೆ ಹೊಲಿಗೆ ಹಾಕುವುದು ಅವರ ಪದ್ಧತಿ. ಹಾಕಲಿ ಅಂದುಕೊಂಡೆ; ಸಪ್ಪಳ ನಿಂತಾಗ ಸಂಜೆಯಾಗಿತ್ತು, ನಾನು ಚಹಾಕ್ಕೆ ಇಟ್ಟೆ.

ಚಹಾ ಒಯ್ದಾಗ ಮಂಚದ ಮೇಲೆ ಎರಡು ಕಂದು ಕುಬಸಗಳಿದ್ದವು. ಒಂದು ಅವರದು. ಇನ್ನೊಂದು ಅಗಲವಾಗಿತ್ತು. ನಮ್ಮ ಮನೆಯಲ್ಲಿ ಅಷ್ಟು ಅಗಲ ನಾನೊಬ್ಬಳೇ.

"ಇದು ಯಾರದ್ರಿ?"

"ನಿಂದು."

"ನಾ ನೀರಿಗೆ ಇಳಿಯೂದಿಲ್ಲ ಅಂತ ಹೇಳೇನಲ್ರಿ."

"ಹೂಂ, ಹೇಳೀದಿ." ಅವರು ನನ್ನ ಮುಖ ನೋಡಲಿಲ್ಲ. ದಾರದ ತುದಿಯನ್ನು ಹಲ್ಲಿನಿಂದ ಕತ್ತರಿಸಿದರು. "ಅಪ್ಪ ಇಳೀಲೇಬ್ಯಾಡ ಅಂತ ಅಂದಿದ್ದಿಲ್ಲವ್ವ. ಒಬ್ಬಾಕೀನ ಇಳೀಬ್ಯಾಡ ಅಂದಿದ್ದ. ಅಕ್ಕ ಹೋಗಿದ್ಲು. ಆಮ್ಯಾಲೆ ಲಗ್ನಾಗಿ ಈ ಮನಿಗೆ ಬಂದೆ. ಯಾರನ್ನ ಕರೀಲಿ, ಬಾ ಈಸೂಣು ಅಂತ? ಮಗನ ಮುಂದ ತೊಯ್ದ ಸೀರ್ಯಾಗ ನಿಂದ್ರಾಕ ನಾಚಿಕಿ. ಮೊಮ್ಮಗಳು ಮೀನಿನಂಗ ಎಲ್ಲಿ ಓಡಿ ಹೋಗತಾಳೋ."

ಮಗ ಹುಟ್ಟಿದ, ಮೊಮ್ಮಗಳು ಹುಟ್ಟಿದಳು, ಗೋವಾದಲ್ಲಿ ಎಷ್ಟು ಸಲ ನಮ್ಮ ಚಪ್ಪಲಿ ಕಾಯುತ್ತ ಕುಳಿತರು. ಅಷ್ಟು ಕಾಲವೂ ಅವರು ಕಾದದ್ದು ಜೊತೆಗೊಬ್ಬರಿಗಾಗಿ. ನಾನು ಚಹಾದ ಕಪ್ಪು ಹಿಡಿದು ನಿಂತೇ ಇದ್ದೆ.

"ನನಗ ಈಸಾಕ ಬರೂದಿಲ್ಲಲ್ರಿ ಅತ್ತಿ."

"ಈಸಬ್ಯಾಡ. ಸುಮ್ನ ನನ್ನ ಮಗ್ಗಲಕ್ಕ ನಿಂದ್ರು, ಸಾಕು."

ಕುಬಸ ಎತ್ತಿ ಒಳಮಗ್ಗಲು ನೋಡಿದೆ. ಎದೆಯ ನಡುವೆ ಅದೇ ಕಿಸೆ, ಅದೇ ಟಿಚ್ ಗುಂಡಿ, ಅದೇ ಲಾಡಿ. "ನನಗ್ಯಾಕ್ರಿ ಕಿಸೆ?"

"ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಛಲೋ ಕಾಣೂದಿಲ್ಲ. ಬ್ಯಾಡಾದ್ರ ನಿನ್ನ ಬಿಪಿ ಗುಳಿಗಿ ಇಟ್ಕೋ," ಅಂದು ಚಹಾ ತೆಗೆದುಕೊಂಡು ಸೊರ್ ಅಂತ ಕುಡಿದರು.

ನಾನು ಜಗುಲಿಗೆ ಹೋಗಿ ನನ್ನ ಲಿಂಗ ತೆಗೆದುಕೊಂಡೆ. ಡಬ್ಬಿಯ ಮೇಲೆ ಧೂಳಿರಲಿಲ್ಲ. ಯಾರು ಒರೆಸಿಡುತ್ತಿದ್ದರು ಅಂತ ಕೇಳುವ ಅಗತ್ಯವಿರಲಿಲ್ಲ. ನನಗೆ ಒಮ್ಮೆಲೇ ಭಕ್ತಿ ಬಂತು ಅಂತ ಹೇಳುವುದಿಲ್ಲ. ಆ ಜೀವ ಕುಳಿತು ಹೊಲಿದ ಕಿಸೆ ಖಾಲಿ ಇರಬಾರದು ಅನ್ನಿಸಿತು. ಕಿಸೆಯೊಳಗಿಟ್ಟು, ಗುಂಡಿ ಒತ್ತಿ, ಲಾಡಿ ಕಟ್ಟಿ, ಕುಬಸ ತೊಟ್ಟು ಬಚ್ಚಲಮನೆಯಲ್ಲಿ ನಿಂತು ಕೂಗಿದೆ:

"ಅತ್ತೀ, ಬರ್ರಿ. ಸುರುವ್ರಿ."

ನಳ ಬಂದು ದಿನಗಳಾಗಿದ್ದವು. ಡ್ರಮ್ಮಿನ ತಳದಲ್ಲಿ ಒಂದೇ ಬಕೆಟ್ ನೀರು ಉಳಿದಿತ್ತು. ಅತ್ತೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು" ಅಂದು, ಆ ಒಂದು ಬಕೆಟ್ಟನ್ನೇ ತುಂಬಿಕೊಂಡರು. ತಣ್ಣೀರು. ನಾನು ಕಣ್ಣು ಬಿಗಿದು, ಹೆಗಲು ಕುಗ್ಗಿಸಿ ನಿಂತೆ. ಅವರು ಒಂದು ಕೈಯಿಂದ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದರು.

"ಅಂಜಬ್ಯಾಡ," ಅಂದರು. "ಈಗ ಇಬ್ಬರಾದ್ವಿ."