ಸೂರಿನಡಿಯ ರೈನ್‌ಗೇಜು, ದಕ್ಷಿಣ ಧ್ರುವದ ಗಂಡು

ನಮ್ಮ ಕಡೆ ಮಳೆಯ ವಿಷಯದಲ್ಲಿ ಸುಳ್ಳು ಹೇಳಿದರೆ ಅದು ಸುಳ್ಳಲ್ಲ, ಮರ್ಯಾದೆ. ಇಂಚಿನ ನೂರನೇ ಪಾಲಿಗೆ ಸೆಂಟು ಅನ್ನುತ್ತೇವೆ. ಕಾಫಿ ಅರಳಿಸುವ ಹೂಮಳೆ ಬಿತ್ತೋ, ಮೂಡಿಗೆರೆ ಸುತ್ತಿನ ಎಸ್ಟೇಟುಗಳ ಫೋನುಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಪಕ್ಕದ ತೋಟದವರು ಹೇಳಿದ್ದಕ್ಕಿಂತ ಹತ್ತು ಸೆಂಟು ಹೆಚ್ಚಿಗೆ ಹೇಳದಿದ್ದರೆ ಅಪ್ಪನಿಗೆ ಆ ದಿನ ಅನ್ನ ಸೇರುತ್ತಿರಲಿಲ್ಲ. ಬಾಯಲ್ಲಿ ಹೇಳಿದ್ದು ಸಾಲದೆಂದು ಮಳೆ ಅಳೆಯುವ ರೈನ್‌ಗೇಜನ್ನೇ ಅಂಗಳದ ನಡುವಿನಿಂದ ಎತ್ತಿ ಸೂರಿನ ಅಂಚಿಗೆ ತಂದಿಟ್ಟಿದ್ದರು. ಮೋಡದ ನೀರಿಗೆ ಹಂಚಿನ ನೀರೂ ಸೇರುತ್ತಿತ್ತು. ಮನೆಯಲ್ಲಿ ಯಾರೂ ಅದರ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ.

ಎರಡು ಸಾವಿರದ ನಂತರದ ವರ್ಷಗಳು. ನಾನು ಚಿಕ್ಕಮಗಳೂರಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಅಕ್ಕನನ್ನು ನೋಡಲು ಸಂಸೆಯಿಂದ ಒಬ್ಬ ಹುಡುಗ ತಾಯಿಯ ಜೊತೆ ಬಂದ. ದಕ್ಷಿಣ ಧ್ರುವದ ಹಿಮವನ್ನು ಓದುವುದು ಅವನ ಕೆಲಸ. ಒಮ್ಮೆ ಹೋಗಿ ಬಂದಿದ್ದ, ಮತ್ತೊಮ್ಮೆ ಒಂದು ವರ್ಷಕ್ಕೆ ಹೊರಡುವವನಿದ್ದ. ಯಾರದೋ ಮದುವೆಯಲ್ಲಿ ಅವನ ಜೊತೆ ಮಾತಾಡಿದ ಮೇಲೆ ಅಕ್ಕ ಬೇರೆ ಗಂಡುಗಳ ಫೋಟೋ ನೋಡುವುದನ್ನೇ ಬಿಟ್ಟಿದ್ದಳು. ಆದರೆ ಅಪ್ಪ ಬೇಡವೆಂದರೆ ಮುಗಿಯಿತು. ನಮ್ಮ ಮನೆಯಲ್ಲಿ ಅವರ ಮೇಲೆ ಇನ್ನೊಂದು ಕೋರ್ಟು ಇರಲಿಲ್ಲ.

ಉಪ್ಪಿಟ್ಟು ಕೇಸರಿಬಾತು ಮುಗಿಯುವ ಮೊದಲೇ ಅಪ್ಪ ಶುರುಮಾಡಿದರು. "ಐಸ್ ನೋಡಕ್ಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು? ಮಂಗ್ಳೂರಿಂದ ಮೀನಿನ್ ಲಾರಿ ಬರಲ್ವಾ?"

ಹುಡುಗ ಮನಸಾರೆ ನಕ್ಕ. ಅಲ್ಲಿಗೇ ನಾನು ಅಕ್ಕನ ಪಾರ್ಟಿಗೆ ಸೇರಿದೆ.

ಅಲ್ಲಿ ಬಿದ್ದ ಹಿಮ ಕರಗುವುದಿಲ್ಲ, ವರ್ಷದ ಮೇಲೆ ವರ್ಷ ಕೂತು ಗಟ್ಟಿಯಾಗುತ್ತದೆ, ಆಗಿನ ಗಾಳಿಯೂ ಸಣ್ಣ ಸಣ್ಣ ಗುಳ್ಳೆಗಳಾಗಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ ಎಂದ. ಬೋರ್‌ವೆಲ್ ಕೊರೆದ ಹಾಗೆ ಕೊರೆದು ತೆಗೆದರೆ, ಮನುಷ್ಯ ಹುಟ್ಟುವ ಮುಂಚೆ ಭೂಮಿ ಎಷ್ಟು ಬಿಸಿಯಿತ್ತು ಅನ್ನುವುದೂ ಗೊತ್ತಾಗುತ್ತದಂತೆ. ನಮ್ಮ ಕಡೆಯ ಸೆಕೆಯನ್ನು ಗಾಳಿಯೂ ಸಮುದ್ರವೂ ಅಲ್ಲಿಗೆ ಒಯ್ಯುತ್ತವೆ, ಅಲ್ಲಿಯ ತಂಪು ಕಡಲ ತಳದಲ್ಲಿ ಈ ಕಡೆಗೆ ಹರಿಯುತ್ತದೆ. ಅಲ್ಲಿ ಹಿಮ ಕಡಿಮೆಯಾದರೆ ಈ ಓಡಾಟವೇ ಏರುಪೇರಾಗುತ್ತದೆ, ನಮ್ಮ ಮಳೆಯೂ ಅದರಿಂದ ತಪ್ಪಿಸಿಕೊಳ್ಳಲಾರದು ಎಂದ. ಅಮ್ಮ ಕಾಫಿ ಲೋಟ ಹಿಡಿದು ನಿಂತೇ ಕೇಳಿಸಿಕೊಂಡಳು.

"ಅದೆಲ್ಲ ಇರ್ಲಿ. ಈ ವಾರ ಹೂಮಳೆ ಬರುತ್ತಾ?" ಅಂದರು ಅಪ್ಪ.

"ಗೊತ್ತಿಲ್ಲ."

ಮಳೆಯ ಬಗ್ಗೆ ಹಾಗೆ ಹೇಳಿದ ಗಂಡಸನ್ನು ನಮ್ಮ ಜಗಲಿ ಅಂದಿನವರೆಗೆ ಕಂಡಿರಲಿಲ್ಲ. ಅಪ್ಪನ ಮುಖದಲ್ಲಿ ಗೆಲುವು ಮೂಡಿತು. "ಇಲ್ಲಿಂದ ಅಲ್ಲಿಗ್ ಹೋಗಿ ಬಂದು ಇಷ್ಟೇನಾ?"

ಆಗ ಆ ಪುಣ್ಯಾತ್ಮ ಸೂರಿನ ಕಡೆ ಕೈ ತೋರಿಸಿದ. "ನಿಮ್ ರೈನ್‌ಗೇಜ್ ಅಲ್ಲಿದ್ರೆ ಹಂಚಿನ ನೀರೂ ಬೀಳುತ್ತೆ. ಲೆಕ್ಕ ಜಾಸ್ತಿ ತೋರಿಸುತ್ತೆ. ನಾವ್ ಅಷ್ಟು ದೂರ ಹೋಗೋದು ಅದಕ್ಕೇ. ಅಲ್ಲಿಯ ಹಿಮಾನ ಯಾರೂ ತಮಗೆ ಬೇಕಾದ ಕಡೆ ಎತ್ತಿಡಕ್ಕಾಗಲ್ಲ."

ಅವನ ತಾಯಿ ಅವನ ತೊಡೆ ಚಿವುಟಿದ್ದು ನನಗೆ ಕಂಡಿತು. ಅಮ್ಮನಿಗೆ ಇಲ್ಲದ ಕೆಮ್ಮು ಬಂತು. ಬಾಗಿಲ ಹಿಂದೆ ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಚುಚ್ಚಿತು. ಎಲ್ಲ ಹಾಳಾಯಿತು ಎಂದು ನನಗೆ ಅವನ ಮೇಲೆ ಕೆಟ್ಟ ಕೋಪ ಬಂತು. ಎರಡು ಗಂಟೆ ಬಾಯಿ ಮುಚ್ಚಿಕೊಂಡಿರಲು ಬಾರದವನಿಗೆ ಮದುವೆ ಯಾಕೆ?

ಅಪ್ಪ ಕೂಗಾಡಲಿಲ್ಲ. ಮೆಲ್ಲಗೆ ಕೇಳಿದರು. "ನೀವ್ ಅಲ್ಲಿದ್ದಾಗ ಇಲ್ಲಿ ನನ್ ಮಗಳಿಗೆ ಏನಾದ್ರೂ ಆದ್ರೆ, ಬರ್ತೀರಾ?"

ಹೂಂ ಅಂದುಬಿಡು ಮಾರಾಯ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಅವನು ಅಕ್ಕ ನಿಂತಿದ್ದ ಬಾಗಿಲ ಕಡೆ ನೋಡಿದ. "ಚಳಿಗಾಲದಲ್ಲಿ ಅಲ್ಲಿಗೆ ಹಡಗಿಲ್ಲ, ವಿಮಾನ ಇಲ್ಲ. ಬರಕ್ಕಾಗಲ್ಲ. ಇದನ್ನ ಅವ್ರಿಗೆ ಆಗ್ಲೇ ಹೇಳಿದ್ದೀನಿ."

"ಹೇಳಿದ್ದಾರೆ. ನಂಗೊಪ್ಪಿಗೆ," ಅಂದಳು ಅಕ್ಕ, ಒಳಗಿಂದಲೇ.

ಹುಡುಗ ಹೊರಡಲು ಎದ್ದ. ಹೆಣ್ಣು ನೋಡಲು ಬಂದವರಿಗೆ ನಮ್ಮಲ್ಲಿ ತಿಂಡಿ, ಕಾಫಿ ಅಷ್ಟೇ. ಊಟಕ್ಕೆ ನಿಲ್ಲಿಸಿಕೊಂಡರೆ ಸಂಬಂಧ ಕುದುರಿತು ಎಂದರ್ಥ.

"ಕೂತ್ಕೋ ಮಾರಾಯ," ಅಂದರು ಅಪ್ಪ. ಆಮೇಲೆ ಅಮ್ಮನ ಕಡೆ ತಿರುಗಿದರು. "ಸುಳ್ಳು ಹೇಳೋರು ನಂಗೆ ಬೇಗ ಗೊತ್ತಾಗ್ತಾರೆ ಕಣೇ. ಇವನಿಗೆ ಬರೋದೇ ಇಲ್ಲ. ಕೋಳಿ ಹಿಡ್ಸು."